ಹಳೆಯ ಮೋಟಾರು ಕಾರುಗಳ ಗೃಹಪಾಲನೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಎಂಬ ಕಾರು ಸಂಗ್ರಹಾಲಯದ ಪರಿಚಯವಿರಬಹುದು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಕೂಡಿಸಿ ಕಾಪಾಡಿದ ಹಳೆಯ ವಾಹನಗಳು ಅಲ್ಲಿ ಹೊಳೆಯುವ ಬಣ್ಣದಲ್ಲಿ ಸಾಲಾಗಿ ನಿಂತಿವೆ. ಆ ಬಗೆಯ ಸಂಗ್ರಹಕ್ಕೆ ಸಂಪತ್ತು ಬೇಕು, ಸಿಬ್ಬಂದಿ ಬೇಕು, ವಿಶಾಲವಾದ ಕಟ್ಟಡ ಬೇಕು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಿನ ಹಳ್ಳಿಪಟ್ಟಣಗಳಲ್ಲಿ ಇನ್ನೊಂದು ಬಗೆಯ ಸಂಗ್ರಹವುಂಟು. ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನ ಕೆಳಗೆ, ಒಕ್ಕಣೆಯ ಕಣದ ಅಂಚಿನಲ್ಲಿ, ಮನೆಯ ಹಿತ್ತಲಿನಲ್ಲಿ ನಿಂತಿರುವ ಒಂದು ಅಂಬಾಸಿಡರ್, ಒಂದು ಜೀಪು, ಅರ್ಧ ಬಿಚ್ಚಿಟ್ಟ ಒಂದು ಫಿಯಟ್. ಇವುಗಳಿಗೆ ಪ್ರವೇಶದ ಚೀಟಿಯಿಲ್ಲ, ಫಲಕವಿಲ್ಲ. ಮನೆಯವರೇ ಇವುಗಳ ಯಂತ್ರಜ್ಞರು. ಈ ಲೇಖನದ ವಿಷಯವು ಇಂಥ ಮನೆಯ ಸಂಗ್ರಹವೇ ಆಗಿದೆ.

ಈ ಕಾರುಗಳು ನಮ್ಮ ಸೀಮೆಗೆ ಬಂದ ಬಗೆಯನ್ನು ಮೊದಲು ಸ್ಥೂಲವಾಗಿ ತಿಳಿಯುವುದು ಉಚಿತ. ಸ್ವಾತಂತ್ರ್ಯಾನಂತರದ ಮೂರು ದಶಕಗಳಲ್ಲಿ ಭಾರತದಲ್ಲಿ ಕಾರು ತಯಾರಿಸುತ್ತಿದ್ದ ಸಂಸ್ಥೆಗಳು ಬೆರಳೆಣಿಕೆಯಷ್ಟು ಮಾತ್ರ. ಕಲ್ಕತ್ತೆಯ ಬಳಿಯ ಉತ್ತರಪಾಡಾದ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ 1957ರಲ್ಲಿ ಆರಂಭಿಸಿದ ಅಂಬಾಸಿಡರ್, 2014ರವರೆಗೂ ತಯಾರಾಯಿತು. ಬೊಂಬಾಯಿಯ ಪ್ರೀಮಿಯರ್ ಸಂಸ್ಥೆಯ ಫಿಯಟ್ 1100 ಕಾರು ಮುಂದೆ ಪದ್ಮಿನಿ ಎಂಬ ಹೆಸರನ್ನು ಪಡೆಯಿತು. ಮದರಾಸಿನ ಸ್ಟ್ಯಾಂಡರ್ಡ್ ಸಂಸ್ಥೆಯು 1961ರಿಂದ ಹೆರಾಲ್ಡ್ ಕಾರನ್ನು ಹೊರತಂದಿತು. ಮಹೀಂದ್ರಾ ಜೀಪು ಇವೆಲ್ಲಕ್ಕಿಂತ ಹಿರಿಯದು. ಕಾರು ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಕಾದು ಪಡೆದ ವಸ್ತುವನ್ನು ಜನರು ಎರಡು ತಲೆಮಾರು ಉಳಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಚಿತ್ರವು ಬದಲಾಯಿತು. ಇಂದು ಆ ಮಾರುತಿಯೇ ಹಳೆಯ ಕಾರುಗಳ ಸಾಲಿಗೆ ಸೇರಿಹೋಗಿದೆ!

ಮನೆಯ ಸಂಗ್ರಹದ ಮುಖ್ಯ ಲಕ್ಷಣವೆಂದರೆ ಅದು ನಿಂತ ನೀರಲ್ಲ. ತಂದೆಯ ಕಾಲದ ಜೀಪಿನಿಂದ ಆರಂಭವಾದ ಸಂಗ್ರಹಕ್ಕೆ ನೆಂಟರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಅಂಬಾಸಿಡರ್ ಒಂದು ಸೇರುತ್ತದೆ. ಅದನ್ನು ಎಬ್ಬಿಸಿ ನಿಲ್ಲಿಸಿದ ಉತ್ಸಾಹದಲ್ಲಿ ಒಂದು ಪದ್ಮಿನಿ ಬರುತ್ತದೆ. ಪದ್ಮಿನಿಯ ಖರ್ಚಿಗೆಂದು ಜೀಪು ಹೋಗುತ್ತದೆ. ಕೆಲವು ವರ್ಷಗಳ ತರುವಾಯ ಜೀಪಿನ ನೆನಪು ಕಾಡಿ ಇನ್ನೊಂದು ಜೀಪು ಬರುತ್ತದೆ. ಹೀಗೆ ಬರುವುದೂ ಹೋಗುವುದೂ ನಡೆದಿರುವಾಗ ಯಜಮಾನನಿಗೆ ಇರಬೇಕಾದ ಮೊದಲನೆಯ ವಿವೇಕವು ಸಂಖ್ಯೆಯನ್ನು ಕುರಿತದ್ದು. ಏಕಕಾಲದಲ್ಲಿ ಬಿಚ್ಚಿದ ಸ್ಥಿತಿಯಲ್ಲಿರುವ ಕಾರು ಒಂದೇ ಇರತಕ್ಕದ್ದು. ಎರಡನ್ನು ಬಿಚ್ಚಿದವನು ಎರಡನ್ನೂ ಜೋಡಿಸಿದ ಉದಾಹರಣೆಗಳು ವಿರಳ. ಒಂದರ ಬೋಲ್ಟು ಇನ್ನೊಂದರ ಡಬ್ಬಿಗೆ ಸೇರಿ, ಬಿಡಿಭಾಗಗಳು ಮಳೆಗೆ ತುಕ್ಕು ಹಿಡಿದು, ಕಡೆಗೆ ಗುಜರಿಯವನು ಎರಡನ್ನೂ ತೂಕಕ್ಕೆ ಹಾಕಿಕೊಂಡು ಹೋಗುವ ದೃಶ್ಯವನ್ನು ಕಂಡವರಿಗೆ ಈ ನಿಯಮದ ಬೆಲೆ ತಿಳಿದಿರುತ್ತದೆ.

ಕಾರಿಗೆ ನಿಲ್ಲಲು ತಕ್ಕ ಸ್ಥಳವಿಲ್ಲದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗದ್ದೆಬಯಲಿನಲ್ಲಿ ನೆಲದ ತೇವಾಂಶ ಹೆಚ್ಚು. ಮಣ್ಣಿನ ನೆಲದ ಮೇಲೆ ನಿಂತ ಕಾರಿನ ತಳವು ಮೇಲಿನ ಮಳೆಯಿಂದಲ್ಲ, ಕೆಳಗಿನ ಆವಿಯಿಂದ ತುಕ್ಕು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯನ್ನು ಹೊದಿಸುವುದು ಕಾರನ್ನು ಬೆವರಿಸಿ ಕೊಲ್ಲುವುದಕ್ಕೆ ಸಮಾನ. ಕಲ್ಲುಚಪ್ಪಡಿ ಅಥವಾ ಸಿಮೆಂಟಿನ ನೆಲ, ಸೋರದ ಮಾಡು, ಎರಡು ಕಡೆ ಗಾಳಿ, ಹತ್ತಿಬಟ್ಟೆಯ ಹೊದಿಕೆ ಇಷ್ಟಿದ್ದರೆ ಸಾಕು. ಅಂಬಾಸಿಡರ್ ಕಾರಿಗೆ ಪ್ರತ್ಯೇಕವಾದ ಚಾಸಿಯಿಲ್ಲ. ಮೈಯ ತಗಡೇ ಅದರ ಎಲುಬು. ಬಾಗಿಲುಗಳ ಕೆಳಗಿನ ಪೆಟ್ಟಿಗೆಯಾಕಾರದ ಭಾಗದಲ್ಲಿ ನೀರು ಹೊರಹೋಗಲೆಂದು ಇರುವ ಸಣ್ಣ ರಂಧ್ರಗಳು ಕೆಸರಿನಿಂದ ಮುಚ್ಚಿದರೆ ಒಳಗಿನಿಂದಲೇ ತಗಡು ಕರಗುತ್ತದೆ. ಹೊರಗೆ ಪಟ್ಟಿ ಹಚ್ಚಿ ಬಣ್ಣ ಬಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಟ್ಟಿ ತಗಡು ಠಣ್ಣೆನ್ನುತ್ತದೆ, ಪಟ್ಟಿ ಮಂದವಾಗಿ ಸದ್ದು ಮಾಡುತ್ತದೆ. ಹಳೆಯ ಕಾರನ್ನು ಕೊಳ್ಳಲು ಹೋಗುವವನು ಎಂಜಿನ್ನಿನ ಶಬ್ದವನ್ನು ಕೇಳುವುದಕ್ಕೆ ಮುಂಚೆ ಈ ಶಬ್ದವನ್ನು ಕೇಳಬೇಕು. ಎಂಜಿನ್ನನ್ನು ದುರಸ್ತಿ ಮಾಡಬಹುದು. ಕೊಳೆತ ಮೈಯನ್ನು ನೇರ್ಪಡಿಸುವುದಕ್ಕೆ ಕಾರಿನ ಬೆಲೆಯ ಹಲವು ಪಟ್ಟು ಬೇಕಾದೀತು.

ಭತ್ತವೂ ಕಬ್ಬೂ ಬೆಳೆಯುವ ಸೀಮೆಯಲ್ಲಿ ಇಲಿಗಳ ಉಪದ್ರವವನ್ನು ಹೇಳದೆ ಬಿಡಲಾಗದು. ನಿಂತ ಕಾರಿನ ಸೀಟಿನ ಕೆಳಗೆ ಗೂಡು ಕಟ್ಟಿ, ವಿದ್ಯುತ್ ತಂತಿಗಳ ಹೊದಿಕೆಯನ್ನು ಕಡಿದು ಹಾಕುತ್ತವೆ. ಬೆತ್ತಲಾದ ತಂತಿಯು ಮೈತಗಡಿಗೆ ತಗುಲಿದರೆ ಬೆಂಕಿಯೇ ಹತ್ತಬಹುದು. ಆದಕಾರಣ ನಿಲ್ಲಿಸಿಡುವ ಕಾರಿನ ಬ್ಯಾಟರಿಯ ಒಂದು ತುದಿಯನ್ನು ಬಿಚ್ಚಿಡಬೇಕು. ಈ ಸಂದರ್ಭದಲ್ಲಿ ಒಂದು ಎಚ್ಚರಿಕೆ: ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಮೈತಗಡಿಗೆ ಜೋಡಿಸಲ್ಪಟ್ಟಿರುತ್ತದೆ. ಇಂದಿನ ರೂಢಿಯನ್ನು ನಂಬಿ ಅದನ್ನು ತಿರುಗಿಸಿ ಜೋಡಿಸಿದವರು ರೇಡಿಯೊ ಮೊದಲಾದುವನ್ನು ಸುಟ್ಟುಕೊಂಡಿದ್ದಾರೆ.

ಇನ್ನು ನೀರಿನ ವಿಷಯ. ಕೊಳವೆಬಾವಿಯ ಗಡಸುನೀರನ್ನು ರೇಡಿಯೇಟರಿಗೆ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಬಿಸಿನೀರಿನ ಹಂಡೆಯೊಳಗೆ ಬಿಳಿಯ ಪದರ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಎಂಜಿನ್ನಿನ ಒಡಲಲ್ಲಿಯೂ ಸುಣ್ಣ ಕಟ್ಟುತ್ತದೆ. ಎಂಜಿನ್ನು ಕಾಯುತ್ತದೆ, ಹೆಡ್ಡಿನ ಗ್ಯಾಸ್ಕೆಟ್ ಹೋಗುತ್ತದೆ. ಬಟ್ಟಿಯಿಳಿಸಿದ ನೀರಿಗೆ ಕೂಲೆಂಟ್ ಬೆರೆಸಿ ಹಾಕುವುದೇ ಸರಿಯಾದ ಕ್ರಮ; ಅದು ದೊರೆಯದೆಡೆ ಸೋಸಿದ ಮಳೆನೀರು ಮೇಲು. ರೇಡಿಯೇಟರಿನ ಹೊರಮೈಯಲ್ಲಿ ಕಬ್ಬಿನ ರವದಿಯ ಚೂರು, ಹೊಟ್ಟು, ಹುಳುಗಳು ಸಿಕ್ಕಿಕೊಂಡು ಗಾಳಿಯನ್ನು ತಡೆಯುತ್ತವೆ. ಕಬ್ಬು ಅರೆಯುವ ಕಾಲ ಮುಗಿದ ಮೇಲೆ ಹಿಂಬದಿಯಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಬೇಕು.

ದುರಸ್ತಿಯಲ್ಲಿ ಎಲ್ಲಕ್ಕಿಂತ ಮೊದಲಿನ ಸ್ಥಾನ ಎಂಜಿನ್ನಿಗಲ್ಲ, ಬ್ರೇಕಿಗೆ. ಓಡದ ಕಾರು ಮನೆಯಲ್ಲಿರುತ್ತದೆ. ನಿಲ್ಲದ ಕಾರು ಪ್ರಾಣ ತೆಗೆಯುತ್ತದೆ. ಆರಂಭದ ಕಾಲದ ಅಂಬಾಸಿಡರ್, ಫಿಯಟ್ ಮೊದಲಾದುವುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಸೇರಿ ಎಣ್ಣೆಯ ಮಾರ್ಗವು ಒಂದೇ. ಒಂದು ಚಕ್ರದ ಸಿಲಿಂಡರಿನೊಳಗಿನ ಕಾಸಿನಗಲದ ರಬ್ಬರ್ ಬಟ್ಟಲು ಹರಿದರೆ ನಾಲ್ಕು ಚಕ್ರಗಳ ಬ್ರೇಕೂ ಹೋದಂತೆಯೇ. ಉಳಿಯುವುದು ಕೈಬ್ರೇಕು ಮಾತ್ರ. ಇಂದಿನ ಕಾರುಗಳಲ್ಲಿ ಮಾರ್ಗಗಳು ಎರಡಿರುತ್ತವಾದ್ದರಿಂದ ಒಂದು ಕೆಟ್ಟರೂ ಇನ್ನೊಂದು ಹಿಡಿಯುತ್ತದೆ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ತುಂಬಬೇಕು. ಪೆಡಲನ್ನು ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಸೋತಿದೆ ಎಂದೂ, ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ ಎಂದೂ ತಿಳಿಯಬೇಕು.

ಕಾರಿನ ಕೆಳಗೆ ನುಸುಳುವವನು ಬರಿಯ ಜ್ಯಾಕನ್ನು ನಂಬಕೂಡದು. ಟೊಳ್ಳು ಸಿಮೆಂಟ್ ಇಟ್ಟಿಗೆಗಳು ಭಾರಕ್ಕೆ ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಕಬ್ಬಿಣದ ಸ್ಟ್ಯಾಂಡು ಇಲ್ಲವೆ ಅಗಲವಾದ ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟು, ಕಾರನ್ನು ಕೈಯಿಂದ ಅಲುಗಿಸಿ ನೋಡಿದ ನಂತರವೇ ಕೆಳಗೆ ಹೋಗಬೇಕು. ಮನೆಯಲ್ಲಿ ಇನ್ನೊಬ್ಬರು ಇಲ್ಲದ ವೇಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಹಳೆಯ ಕಾರನ್ನು ಮನೆಯಲ್ಲಿಯೇ ದುರಸ್ತಿ ಮಾಡಲು ಸಾಧ್ಯವಾಗಿರುವುದು ಅದರ ಯಂತ್ರದ ಸರಳತೆಯಿಂದ. ಪೆಟ್ರೋಲ್ ಎಂಜಿನ್ನು ಹೊತ್ತಿಕೊಳ್ಳದಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆಗಳು ಎರಡು: ಕಿಡಿ ಬರುತ್ತಿದೆಯೇ? ಪೆಟ್ರೋಲ್ ಬರುತ್ತಿದೆಯೇ? ಅನುಭವವಿಲ್ಲದವರು ಎರಡನ್ನೂ ಒಟ್ಟಿಗೆ ಕೆದಕಿ, ಮೊದಲು ಸರಿಯಿದ್ದುದನ್ನೂ ಕೆಡಿಸಿಡುತ್ತಾರೆ. ಒಂದು ಪ್ರಶ್ನೆಗೆ ಪೂರ್ಣ ಉತ್ತರ ದೊರೆತ ಮೇಲೆ ಮಾತ್ರ ಇನ್ನೊಂದಕ್ಕೆ ಹೋಗಬೇಕು.

ಕಿಡಿಯ ಪರೀಕ್ಷೆ ಹೀಗೆ. ಚೆಲ್ಲಿದ ಪೆಟ್ರೋಲ್ ಹತ್ತಿರದಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡು ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಅದರ ತಂತಿಯನ್ನು ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿನ ಬಣ್ಣವಿಲ್ಲದ ಭಾಗಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಯಬೇಕು. ನೀಲಿ ಬಣ್ಣದ ಚಟಪಟ ಕಿಡಿ ಕಂಡರೆ ಆ ವಿಭಾಗ ಸರಿಯಿದೆ. ಕ್ಷೀಣವಾದ ಹಳದಿ ಕಿಡಿಯಾದರೆ ಕಂಡೆನ್ಸರಿನ ಮೇಲೆ ಸಂದೇಹ ಬರಬೇಕು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ನೋಡಿದಾಗ ಪಾಯಿಂಟುಗಳು ಸುಟ್ಟು ಕಪ್ಪಾಗಿದ್ದರೆ ಆ ಸಂದೇಹ ಬಲಪಡುತ್ತದೆ. ಬಿಚ್ಚಿದ ಪ್ಲಗ್ಗಿನ ಮುಖವೂ ಮಾತನಾಡುತ್ತದೆ. ಕಂದುಬಣ್ಣ ಆರೋಗ್ಯದ ಗುರುತು. ಒಣ ಮಸಿ ಇದ್ದರೆ ಪೆಟ್ರೋಲಿನ ಪ್ರಮಾಣ ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ನು ಅತಿಯಾಗಿ ಕಾಯುತ್ತಿದೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗುಗಳೋ ವಾಲ್ವಿನ ಗೈಡುಗಳೋ ಸವೆದಿವೆ.

ಪಾಯಿಂಟುಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ. ಏಕೆಂದರೆ ಇಂದಿನ ಗ್ಯಾರೇಜುಗಳ ಹುಡುಗರಲ್ಲಿ ಅನೇಕರು ಇವನ್ನು ಕಂಡೇ ಇರುವುದಿಲ್ಲ. ಡಿಸ್ಟ್ರಿಬ್ಯೂಟರಿನ ನಡುವೆ ತಿರುಗುವ ದಂಡದ ಉಬ್ಬುಗಳು ಒಂದು ಸಣ್ಣ ಹಿಮ್ಮಡಿಯನ್ನು ಒದ್ದು ಪಾಯಿಂಟುಗಳನ್ನು ತೆರೆಯುತ್ತವೆ. ತೆರೆದ ಆ ಕ್ಷಣದಲ್ಲಿಯೇ ಕಾಯಿಲಿನಲ್ಲಿ ಸಹಸ್ರಾರು ವೋಲ್ಟುಗಳು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಅಂಬಾಸಿಡರಿನ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಪಾಯಿಂಟುಗಳ ಅಂತರ 15 ಥೌ, ಅಂದರೆ ಸುಮಾರು 0.38 ಮಿಲಿಮೀಟರು. ಪ್ಲಗ್ಗಿನ ಅಂತರ 25 ಥೌ. ಹಿಮ್ಮಡಿಯು ಸವೆದಂತೆಲ್ಲ ಅಂತರ ಕಿರಿದಾಗುತ್ತದೆ, ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಏರು ಹತ್ತುವಾಗ ಕಾರು ಸೋಲುವುದಕ್ಕೆ ಇದೂ ಒಂದು ಕಾರಣ. ಕೆಲವರು ಇದನ್ನರಿಯದೆ ಕಾರ್ಬೊರೇಟರಿನ ತಿರುಪನ್ನು ತಿರುಗಿಸಿ ಪೆಟ್ರೋಲನ್ನು ಹೆಚ್ಚಿಸುತ್ತಾರೆ. ರೋಗ ಒಂದು, ಮದ್ದು ಮತ್ತೊಂದು. ಪಾಯಿಂಟುಗಳನ್ನು ಉಪ್ಪುಕಾಗದದಿಂದ ಉಜ್ಜಿದರೆ ಅದರ ಕಣಗಳು ಲೋಹದಲ್ಲಿ ಸಿಕ್ಕಿ ಮತ್ತೆ ಸುಡುತ್ತವೆ. ನಯವಾದ ಅರದಿಂದ ಒಮ್ಮೆ ಸಮಮಾಡಿ, ಶುಭ್ರವಾದ ದಪ್ಪ ಕಾಗದವನ್ನು ನಡುವೆ ಎಳೆದು ಒರೆಸಿ, ಫೀಲರ್ ಗೇಜಿನಿಂದ ಅಂತರವನ್ನು ಅಳೆಯಬೇಕು. ಈ ಕೆಲಸಕ್ಕೆ ಬೇಕಾಗುವುದು ಅರ್ಧ ಗಂಟೆಯಷ್ಟೆ.

ಹ್ಯಾಂಡಲ್ ಹಾಕಿ ತಿರುಗಿಸುವ ಕಾರುಗಳಿಗೆ ಸಂಬಂಧಿಸಿದಂತೆ ಹಿಂದಿನ ಚಾಲಕರು ಹೇಳಿಕೊಡುತ್ತಿದ್ದ ಒಂದು ಪಾಠವು ಮರೆಯಾಗುತ್ತಿದೆ. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಬೇಕು, ಸುತ್ತಿ ಹಿಡಿಯಬಾರದು. ತಿರುಗಿಸುವುದು ಕೆಳಗಿನಿಂದ ಮೇಲಕ್ಕೆ ಎಳೆಯುವ ಎಳೆತದಿಂದ. ಎಂಜಿನ್ನು ಹಿಂದಕ್ಕೆ ಒದ್ದರೆ ಆಗ ಹ್ಯಾಂಡಲ್ ಕೈಯಿಂದ ಜಾರಿಹೋಗುತ್ತದೆ. ಸುತ್ತಿ ಹಿಡಿದ ಹೆಬ್ಬೆರಳಾದರೆ ಮುರಿಯುತ್ತದೆ.

ಕಿಡಿ ಸರಿಯಿದ್ದರೆ ಎರಡನೆಯ ಪ್ರಶ್ನೆಗೆ ಬರಬೇಕು. ಇಲ್ಲಿಯೇ ಮಂಡ್ಯದ ಸೀಮೆಗೆ ವಿಶೇಷವಾಗಿ ತಟ್ಟುವ ಒಂದು ಸಂಗತಿ ಇದೆ. 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯಿಂದಾಗಿ ಮಂಡ್ಯಕ್ಕೆ ಸಕ್ಕರೆಯ ನಾಡೆಂಬ ಹೆಸರು ಬಂದುದು ಸರ್ವವಿದಿತ. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ತಯಾರಾಗುತ್ತದೆ. ಅದನ್ನು ಪೆಟ್ರೋಲಿಗೆ ಬೆರೆಸುವ ವಿಚಾರ ಹೊಸದಲ್ಲ. ಅದಕ್ಕಾಗಿ 1948ರಲ್ಲಿಯೇ ಭಾರತದಲ್ಲಿ ಕಾನೂನೊಂದು ಬಂದಿತ್ತು. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇಕಡ 5ರಂತೆ ಮತ್ತೆ ಆರಂಭವಾದ ಈ ಮಿಶ್ರಣವು 2022ರಲ್ಲಿ ದೇಶದ ಮಟ್ಟದಲ್ಲಿ ಶೇಕಡ 10ಕ್ಕೂ, 2025ರಲ್ಲಿ ಶೇಕಡ 20ರ ಮಟ್ಟಕ್ಕೂ ಏರಿತು. ಕಬ್ಬು ಬೆಳೆಯುವ ರೈತನಿಗೆ ಇದು ಶುಭವಾರ್ತೆ. ಅದೇ ರೈತನ ಕೊಟ್ಟಿಗೆಯ ಪಕ್ಕದಲ್ಲಿರುವ 1970ರ ಕಾರಿಗೆ ಮಾತ್ರ ಇದು ಪಥ್ಯವಲ್ಲ!

ಕಾರಣಗಳು ಸ್ಪಷ್ಟ. ಎಥನಾಲು ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರಿನಂಶ ಹೆಚ್ಚಾದಾಗ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನ ತಗಡಿಗೆ ತುಕ್ಕು ಹಿಡಿಯುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆ, ಪಂಪಿನ ಪೊರೆ, ಬಿರಡೆಮರದ ಗ್ಯಾಸ್ಕೆಟ್ಟುಗಳನ್ನು ಅದು ಉಬ್ಬಿಸಿ ಮೆತ್ತಗಾಗಿಸುತ್ತದೆ, ಇಲ್ಲವೆ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಪರಿಣಾಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದಲ್ಲದೆ ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಜೆಟ್ಟಿನ ಕಾರ್ಬೊರೇಟರಿನಲ್ಲಿ ಮಿಶ್ರಣವು ತೆಳುವಾಗುತ್ತದೆ. ಹೊಸ ಕಾರುಗಳಲ್ಲಿ ಕಂಪ್ಯೂಟರು ತಾನೇ ಇದನ್ನು ಸರಿದೂಗಿಸುತ್ತದೆ. ಹಳೆಯ ಕಾರಿನಲ್ಲಿ ಆ ಕೆಲಸ ಯಜಮಾನನದು. ಎಥನಾಲನ್ನು ತಡೆಯುವ ಹೊಸ ಬಗೆಯ ಕೊಳವೆಗಳನ್ನು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಪೂರ್ತಿಯಾಗಿ ಹಾಕಿಸಬೇಕು. ಪಂಪಿನ ಪೊರೆಯನ್ನು ಬದಲಿಸಬೇಕು. ಪ್ಲಗ್ಗುಗಳು ಬೆಳ್ಳಗಾಗುತ್ತಿದ್ದರೆ ಒಂದು ಅಂಕ ದೊಡ್ಡದಾದ ಜೆಟ್ಟನ್ನು ಹಾಕಬೇಕು. ಬಹುಕಾಲ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬೊರೇಟರಿನ ಬಟ್ಟಲನ್ನೂ ಒಣಗಿಸಿಡಬೇಕು. ಹಳೆಯ ಟ್ಯಾಂಕಿನ ಕಿಲುಬನ್ನು ಎಥನಾಲು ಕಿತ್ತು ತರುವುದರಿಂದ ಮೊದಲ ಕೆಲವು ತಿಂಗಳು ಫಿಲ್ಟರನ್ನು ಮೇಲಿಂದ ಮೇಲೆ ನೋಡುತ್ತಿರಬೇಕು. ಪೆಟ್ರೋಲಿನ ಇನ್ನೊಂದು ಮಾರ್ಪಾಡು 2000ದಲ್ಲಿ ಆದುದು. ಆ ವರ್ಷ ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ ನಿಂತಿತು. ಸೀಸವು ವಾಲ್ವಿನ ಸೀಟಿಗೆ ರಕ್ಷಾಕವಚದಂತಿತ್ತು. ಅದಕ್ಕೂ ಹಿಂದಿನ ಎಂಜಿನ್ನನ್ನು ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಲೋಹದ ಸೀಟುಗಳನ್ನು ಲೇತಿನವರಲ್ಲಿ ಹಾಕಿಸಿಬಿಡುವುದು ಜಾಣತನ.

ಬೇಸಗೆಯ ಮಧ್ಯಾಹ್ನ ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೊರಟ ಹಳೆಯ ಕಾರು ದಾರಿಯಲ್ಲಿ ನಿಂತು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾದ ಮೇಲೆ ಮತ್ತೆ ಹೊರಡುವುದನ್ನು ಹಿರಿಯರು ಬಲ್ಲರು. ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಹರಿವನ್ನು ತಡೆಯುವುದರಿಂದ ಹೀಗಾಗುತ್ತದೆ. ಎಂಜಿನ್ನಿನ ಕಾವು ತಟ್ಟುವಲ್ಲಿ ಕೊಳವೆಯನ್ನು ದೂರಕ್ಕೆ ಸರಿಸಿ ಕಟ್ಟುವುದು ಇದಕ್ಕೆ ಶಾಶ್ವತ ಪರಿಹಾರ. ಒದ್ದೆ ಬಟ್ಟೆಯೂ ಕಾರಿನಲ್ಲಿರಲಿ.

ಬಿಡಿಭಾಗಗಳ ಪ್ರಶ್ನೆ ವರ್ಷ ವರ್ಷಕ್ಕೂ ಕಠಿಣವಾಗುತ್ತಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ಶಿವಾಜಿನಗರದ ಗುಜರಿಯಲ್ಲಿಯೂ ಅಂಬಾಸಿಡರ್, ಪದ್ಮಿನಿಗಳ ಸಾಮಾನು ಹುಡುಕಿದರೆ ದೊರೆಯುತ್ತದೆ. ಹೆರಾಲ್ಡಿನದು ಅಷ್ಟು ಸುಲಭವಲ್ಲ. ದೊರೆಯದ ಬುಷ್ಷು, ಪಿನ್ನುಗಳನ್ನು ಮಾದರಿ ಕೊಟ್ಟು ಲೇತಿನಲ್ಲಿ ಮಾಡಿಸಬಹುದು. ಆದರೆ ಸಾಮಾನಿಗಿಂತ ವೇಗವಾಗಿ ಮುಗಿಯುತ್ತಿರುವುದು ಕೈಗಳು. ಕಿವಿಯಿಂದಲೇ ಟ್ಯಾಪೆಟ್ಟಿನ ಸದ್ದನ್ನು ಗುರುತಿಸಿ ಅಂತರವನ್ನು ಕೂಡಿಸುತ್ತಿದ್ದ ಮೇಸ್ತ್ರಿಗಳು ಕೆಲಸ ಬಿಟ್ಟು ಮನೆ ಸೇರಿದ್ದಾರೆ. ಅವರಲ್ಲಿ ಅನೇಕರ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ಮನೆಯಲ್ಲಿ ಹಳೆಯ ಕಾರಿರುವವರು ಅಂಥವರೊಬ್ಬರನ್ನು ಕರೆತಂದು ಕುರ್ಚಿ ಹಾಕಿ ಕೂರಿಸಿ, ಅವರು ಹೇಳಿದಂತೆ ತಾವು ಕೈಯಾಡಿಸಿ ಕಲಿಯಬೇಕು. ಪಕ್ಕದಲ್ಲಿ ಮನೆಯ ಹುಡುಗನೊಬ್ಬ ಬರೆದುಕೊಳ್ಳುತ್ತಿರಬೇಕು. ಪ್ರತಿ ಕಾರಿಗೂ ಒಂದು ನೋಟ್‌ಬುಕ್ಕು ಅವಶ್ಯ. ಎಣ್ಣೆ ಬದಲಿಸಿದ ದಿನ, ಮೀಟರಿನ ಅಂಕ, ಹಾಕಿದ ಸಾಮಾನು, ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆದ ತಾರೀಖು ಎಲ್ಲವೂ ಅದರಲ್ಲಿ ದಾಖಲಾಗಬೇಕು. ಬಿಚ್ಚುವ ಮುನ್ನ ಪ್ರತಿಯೊಂದು ಜೋಡಣೆಯ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದಿಡುವ ಸೌಲಭ್ಯ ಹಿಂದಿನವರಿಗೆ ಇರಲಿಲ್ಲ. ಇಂದಿನವರು ಅದನ್ನು ಬಿಡಬಾರದು.

ಕಾಗದಪತ್ರಗಳ ಪಾಲನೆಯೂ ದುರಸ್ತಿಯ ಒಂದು ಅಂಗವೇ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಅನಂತರ ಐದೈದು ವರ್ಷಗಳಿಗೊಮ್ಮೆ ತಪಾಸಣೆಗೆ ಒಪ್ಪಿಸಿ, ಶುಲ್ಕವನ್ನೂ ಹಸಿರು ತೆರಿಗೆಯನ್ನೂ ಕಟ್ಟಿ ನವೀಕರಿಸಬೇಕು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಕೆಡದ, ವ್ಯಾಪಾರಕ್ಕೆ ಬಳಸದ ವಾಹನಗಳಿಗಾಗಿ 2021ರಲ್ಲಿ ಕೇಂದ್ರ ಸರ್ಕಾರವು ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಆ ನಿಯಮಗಳ ಪ್ರಕಾರ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ, ನವೀಕರಣಕ್ಕೆ 5,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಂಥ ಉದ್ದೇಶಗಳಿಗೆ ಮಾತ್ರ ಅದನ್ನು ರಸ್ತೆಗೆ ತರಬಹುದು. ದಿನನಿತ್ಯ ಸಂತೆಗೆ, ತೋಟಕ್ಕೆ ಕಾರು ಬೇಕೆನ್ನುವವರಿಗೆ ಈ ಮಾರ್ಗ ಒಗ್ಗದು. ‘ಎಂವೈ’ ಅಕ್ಷರಗಳಿಂದ ಆರಂಭವಾಗುವ ಮೈಸೂರು ರಾಜ್ಯದ ಕಾಲದ ಫಲಕವುಳ್ಳ ಕಾರನ್ನು ಹೊಂದಿರುವವರಂತೂ ಆ ಹಳೆಯ ಆರ್‌ಸಿ ಪುಸ್ತಕವನ್ನು ಮನೆಯ ಪಹಣಿ, ಪತ್ರಗಳ ಜೊತೆಯಲ್ಲಿಯೇ ಇಡಬೇಕು. ಪುಸ್ತಕ ಕಳೆದರೆ ಕಾರು ಬರಿಯ ತೂಕದ ಕಬ್ಬಿಣವಾಗುತ್ತದೆ. ಯಜಮಾನರು ಕಾಲವಾದ ಮೇಲೆ ಅವರ ಹೆಸರಿನಲ್ಲಿಯೇ ದಶಕಗಟ್ಟಲೆ ಕಾರನ್ನು ಓಡಿಸುತ್ತಿರುವ ಮನೆಗಳು ಕಡಿಮೆಯಿಲ್ಲ. ವಾರಸುದಾರರು ಕೂಡಿ ಒಪ್ಪಿಗೆಯಿಂದ ಒಬ್ಬರ ಹೆಸರಿಗೆ ಮಾಡಿಸಿಕೊಳ್ಳುವುದು ಎಲ್ಲರೂ ಊರಿನಲ್ಲಿರುವಾಗಲೇ ಸುಲಭ.

ಸಂಗ್ರಹದಿಂದ ಒಂದು ಕಾರನ್ನು ಕಳುಹಿಸಿಕೊಡುವ ದಿನವೂ ಬರುತ್ತದೆ. ವಿಶ್ವಾಸದ ಮೇಲೆ ಬರಿಯ ಕೀಲಿ ಕೊಟ್ಟು ಕಳುಹಿಸುವ ಪದ್ಧತಿ ಅಪಾಯಕಾರಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರೆಂದೂ, ಅಪಘಾತದ ಪರಿಹಾರದ ಹೊಣೆ ಅವರದೆಂದೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಮಾನಿಸಿದೆ. ಹತ್ತು ಕೈ ಬದಲಾಯಿಸಿದ ಕಾರು ಎಲ್ಲಿಯೋ ಯಾರಿಗೋ ಬಡಿದರೆ, ಮಳವಳ್ಳಿಯಲ್ಲಿ ಅದನ್ನು ಮರೆತು ಕುಳಿತವರ ಮನೆಗೆ ಸಮನ್ಸು ಬರಬಹುದು. ಆದಕಾರಣ ವರ್ಗಾವಣೆಯ ಅರ್ಜಿಗೆ ಇಬ್ಬರೂ ಸಹಿ ಮಾಡಿ, ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾದುದನ್ನು ಕಂಡ ಮೇಲೆಯೇ ಕಾರು ಅಂಗಳ ದಾಟಬೇಕು. ಆಗ ಕೀಲಿಯೊಡನೆ ಆ ಕಾರಿನ ನೋಟ್‌ಬುಕ್ಕು, ಉಳಿದ ಬಿಡಿಭಾಗಗಳ ಡಬ್ಬಿ, ಸೀಟಿನ ಹಿಂದಿನ ಹ್ಯಾಂಡಲ್ ಇವನ್ನೂ ಕೊಳ್ಳುವವರ ಕೈಗೆ ಕೊಟ್ಟು, ಯಾವ ಬೋಲ್ಟು ಎಡಮರೆಯದು, ಯಾವ ಬಾಗಿಲನ್ನು ಎತ್ತಿ ಮುಚ್ಚಬೇಕು ಎಂಬುದನ್ನು ಕಾರಿನ ಪಕ್ಕದಲ್ಲಿ ನಿಂತು ತೋರಿಸಿಕೊಡತಕ್ಕದ್ದು.